ಎಡಗಡೆಯ ಮಡ್‌ಗಾರ್ಡು

ತಿಪ್ಪೇಸ್ವಾಮಿ ಕಾರನ್ನು ತಲೆಕೆಳಗೆ ಮಾಡಿ, ಭೂತಗನ್ನಡಿ ಹಿಡಿದು, ಹಿಂದಿನ ಚಕ್ರದ ಕಮಾನು ಪಟ್ಟಿಗಳನ್ನು ಮತ್ತೊಂದು ಸಲ ಎಣಿಸಿದ. ಐದು. ಉಜ್ಜಿನಪ್ಪನ ಕಾರಿಗೂ ಐದೇ ಇದ್ದವು. ಒಳಗೆ ಪಡಸಾಲೆಯಲ್ಲಿ ಉಜ್ಜಿನಪ್ಪನಿಗೆ ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಗೇಣುದ್ದದ ಬಿಳಿ ಅಂಬಾಸಿಡರ್ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅರವತ್ತನಾಲ್ಕರ ಈ ಮನುಷ್ಯನನ್ನು, ಮಣ್ಣಿಗೆ ಬಂದವರೆಲ್ಲ ಒಂದು ನಮೂನೆ ನೋಡಿ ಒಳಗೆ ಹೋಗುತ್ತಿದ್ದರು.

ಉಜ್ಜಿನಪ್ಪನ ಮಗಳು ರಶ್ಮಿ ಚಹಾ ತಂದು ಪಕ್ಕದಲ್ಲಿಟ್ಟಳು.

"ಮಾಮಾ, ಇನ್ನೂ ಅದನ್ನ ನೋಡಾಕತ್ತೀರಲ್ರಿ. ನಾಕಕ್ಕ ಮಣ್ಣು ಅಂತ ಅಯ್ಯನೋರು ಹೇಳ್ಯಾರ. ಕಾರು ಅಪ್ಪನ ಜೋಡಿ ಕುಣ್ಯಾಗ ಇಡೂದು ಅಂತ ಅವ್ವ ಹಟ ಹಿಡಿದ್ಲು. ಅಯ್ಯನೋರೂ ಹೂಂ ಅಂದ್ರು."

"ಇಡೂಣವ್ವಾ. ಆದ್ರ ತಪ್ಪು ಇಟ್ಕೊಂಡು ಹ್ಯಾಂಗ ಇಡೂದು? ಇನ್ನೊಂದು ತಪ್ಪು ಐತಿ ಅಂದು ಹೋಗಿಬಿಟ್ಟ ನಿಮ್ಮಪ್ಪ. ಯಾವುದಂತ ಹೇಳಲೇ ಇಲ್ಲ."

ರಶ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅಪ್ಪ ಎಂಥವನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಉಪ್ಪಿಟ್ಟಿಗೆ ಹಾಕಿದ ಸಾಸಿವೆಯಲ್ಲೂ ಊನ ಹುಡುಕುವ ಮನುಷ್ಯ. ಆದರೆ ತಿಪ್ಪೇಸ್ವಾಮಿಗೆ ನಗು ಬರಲಿಲ್ಲ. ನಲವತ್ತು ವರ್ಷ ಕಾರುಗಳ ಟಿಂಕರಿಂಗ್ ಮಾಡಿ, ಬಣ್ಣ ಹೊಡೆದು, ಸಿರುಗುಪ್ಪದಲ್ಲಿ ಹೆಸರು ಮಾಡಿದ ಕಣ್ಣು ಅವನದು. ಆ ಕಣ್ಣಿಗೆ ಕಾಣದ ತಪ್ಪನ್ನು ಗೆಳೆಯ ಕಂಡಿದ್ದ, ಮತ್ತು ಇನ್ನು ಐದು ತಾಸಿಗೆ ಆ ಗೆಳೆಯ ಮಣ್ಣಿನೊಳಗಿರುತ್ತಾನೆ. ಅಷ್ಟರೊಳಗೆ ಅದು ಸಿಗಲೇಬೇಕಿತ್ತು.

*

ಕಾರು ಬಂದದ್ದು ಹೋದ ವರ್ಷ. ಉಜ್ಜಿನಪ್ಪನಿಗೆ ಎಪ್ಪತ್ತು ತುಂಬಿತೆಂದು, ಬಳ್ಳಾರಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ರಶ್ಮಿ ಎಲ್ಲಿಂದಲೋ ತರಿಸಿ ತಂದುಕೊಟ್ಟಿದ್ದಳು. ಬಾಡಿಗೆಗೆ ಓಡಿಸುತ್ತಿದ್ದ ತನ್ನ ಸ್ವಂತ ಅಂಬಾಸಿಡರನ್ನು ಗುಜರಿಗೆ ಹಾಕಿ ಹನ್ನೆರಡು ವರ್ಷವಾದರೂ, ಬೆಳಿಗ್ಗೆ ಎದ್ದ ಕೂಡಲೇ ಅಂಗಳದ ಖಾಲಿ ಜಾಗವನ್ನು ಒಮ್ಮೆ ನೋಡುವುದನ್ನು ಉಜ್ಜಿನಪ್ಪ ಬಿಟ್ಟಿರಲಿಲ್ಲ. ಅದಕ್ಕೇ ಈ ಉಡುಗೊರೆ. ಇದು ಅಸಲಿ ಕಾರಿನ ಹದಿನೆಂಟನೇ ಒಂದು ಪಾಲು, ಎಲ್ಲವೂ ಯಥಾವತ್ತು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

ಯಥಾವತ್ತು ಎಂದದ್ದೇ ತಪ್ಪಾಯಿತು. ಉಜ್ಜಿನಪ್ಪ ಪಂಚಾಂಗ ಓದುವ ಭೂತಗನ್ನಡಿ ತರಿಸಿ, ಒಂದು ತಾಸು ಕಾರನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾರ ಕಾರವ್ವಾ?" ಎಂದು ಕೇಳಿದ.

"ನಿಂದ, ಅಪ್ಪಾ."

"ನಂದಲ್ಲಬಿಡು. ನಂದು ಇಷ್ಟು ಬೆಳ್ಳಗ ಇರಲಿಲ್ಲ. ನಂದಕ್ಕ ಎಡಗಡಿ ಕನ್ನಡಿ ಇರಲಿಲ್ಲ. ಮುಂದಿನ ಮಡ್‌ಗಾರ್ಡು ನೋಡು, ಇದು ಆಮ್ಯಾಲೆ ಬಂದ ಗಾಡಿದು."

ರಶ್ಮಿಯ ಮುಖ ಸಣ್ಣದಾಯಿತು. ಮರುದಿನವೇ ಉಜ್ಜಿನಪ್ಪ ಕಾರನ್ನು ಚೀಲದಲ್ಲಿಟ್ಟುಕೊಂಡು ಎರಡು ಓಣಿ ಆಚೆ ಇದ್ದ ತಿಪ್ಪೇಸ್ವಾಮಿಯ ಶೆಡ್ಡಿಗೆ ಹೋದ. "ಲೇ ತಿಪ್ಪಾ, ಇದನ್ನ ನನ್ನ ಕಾರು ಮಾಡಿಕೊಡು."

ಅಲ್ಲಿಂದ ಪ್ರತಿ ರವಿವಾರ ಇಬ್ಬರಿಗೂ ಇದೇ ಕೆಲಸ. ಹಾಲಿನ ಬಿಳುಪು ಹೋಗಿ ಮೊಸರಿನ ಬಿಳುಪು ಬಂತು. ಎಡಗನ್ನಡಿ ಕಿತ್ತು ತೂತು ಮುಚ್ಚಿದ್ದಾಯಿತು. ಹಿಂದಿನ ಗಾಜಿಗೆ ಉಜ್ಜಿನಪ್ಪನ ಹೆಂಡತಿ ಅಕ್ಕನಾಗಮ್ಮ ತನ್ನ ಹಳೆಯ ಕುಪ್ಪಸದ ತುಂಡಿನಿಂದ ಬೆರಳಗಲದ ಪರದೆ ಹೊಲಿದುಕೊಟ್ಟಳು. ಮುಂದಿನ ಎರಡು ಮಡ್‌ಗಾರ್ಡುಗಳನ್ನು ತಿಪ್ಪೇಸ್ವಾಮಿ ಪೂರ್ತಿ ಕತ್ತರಿಸಿ ತೆಗೆದು, ಎಣ್ಣೆ ಡಬ್ಬಿಯ ತಗಡು ಬಡಿದು ಹೊಸವು ಮಾಡಿ ಕೂರಿಸಿದ. ಅದಕ್ಕೇ ಹನ್ನೆರಡು ರವಿವಾರ ಹಿಡಿಯಿತು.

ಮೂರು ವಾರದ ಹಿಂದೆ ಉಜ್ಜಿನಪ್ಪ ಕೊನೆಯ ಸಲ ಪರೀಕ್ಷೆ ಮಾಡಿದ. ಎಲ್ಲ ನೋಡಿದ ಮೇಲೆ ಎಡಗಡೆಯ ಮಡ್‌ಗಾರ್ಡಿಗೆ ಉಗುರಿನಿಂದ ಬಡಿದ. ಟಿಣ್ ಎಂದಿತು.

"ಸಪ್ಪಳ ಭಾಳ ಚೊಕ್ಕ ಐತಿ," ಎಂದು ತಿಪ್ಪೇಸ್ವಾಮಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಎಲ್ಲಾ ಆತಪಾ. ಒಂದ ಒಂದು ಬಾಕಿ ಐತಿ."

"ಯಾವುದಣ್ಣಾ?"

"ನೀನ ಹೇಳು. ನಿನಗ ತಿಳೀಲಿಲ್ಲಂದ್ರ ಈ ಊರಾಗ ಇನ್ಯಾರಿಗೆ ತಿಳೀತೈತಿ?"

ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನಿನ್ನೆ ಸಂಜೆ ಚಹಾ ಕುಡಿದು ಕುರ್ಚಿಯಲ್ಲಿ ಒರಗಿದವನು ಮತ್ತೆ ಏಳಲಿಲ್ಲ.

*

ಹನ್ನೆರಡರ ಹೊತ್ತಿಗೆ ಕುರುಗೋಡಿನಿಂದ ಉಚ್ಚಂಗೆಪ್ಪ ಬಂದ. ಅವನೂ ಉಜ್ಜಿನಪ್ಪನೂ ಒಂದೇ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಬಾಡಿಗೆ ಕಾರು ನಿಲ್ಲಿಸಿದವರು. ಹೂವಿನ ಹಾರ ಹಾಕಿ, ಕೈಮುಗಿದು, ಹೊರಬಂದು ಕಟ್ಟೆಯ ಮೇಲೆ ಕೂತ. ತಿಪ್ಪೇಸ್ವಾಮಿ ಕಾರನ್ನೂ ಭೂತಗನ್ನಡಿಯನ್ನೂ ಅವನ ಕೈಗಿಟ್ಟ.

"ಡ್ಯಾಶಿನ ಮ್ಯಾಲೆ ದೇವರ ಫೋಟೊ?"

"ಐತಿ ನೋಡು."

"ಡಿಕ್ಕ್ಯಾಗ ನೀರಿನ ಕ್ಯಾನು ಇರ್ತಿತ್ತು."

ತಿಪ್ಪೇಸ್ವಾಮಿ ಡಿಕ್ಕಿ ತೆಗೆದು ತೋರಿಸಿದ. ಹುಣಸೆಬೀಜದಷ್ಟು ಕ್ಯಾನು ಒಳಗಿತ್ತು.

ಅಕ್ಕಿ ಮಿಲ್ಲಿನ ಗವಿಸಿದ್ದೇಶ್ ಬಗ್ಗಿ ನೋಡಿದ. "ಎಡಗಡಿ ಹಿಂದಿನ ಬಾಗಿಲು ಒಳಗಿಂದ ತೆಗೀತಿರಲಿಲ್ಲರಿ. ನನ್ನ ಮದುವಿ ದಿನ ಮಂಟಪದ ಮುಂದ ಕಾರಿನ್ಯಾಗ ಸಿಕ್ಕೊಂಡು ಕುಂತಿದ್ದೆ. ಉಜ್ಜಿನಪ್ಪಣ್ಣ ಅರಾಮಾಗಿ ಬೀಡಿ ಸೇದಿ ಮುಗಿಸಿ ಬಂದು ತೆಗದ."

"ಅದನ್ನೂ ಅಂಟಿಸೀನಿ," ಎಂದ ತಿಪ್ಪೇಸ್ವಾಮಿ. ಬಾಗಿಲು ಎಳೆದು ನೋಡಿದರು. ಬರಲಿಲ್ಲ. ಸಾವಿನ ಮನೆಯ ಕಟ್ಟೆಯ ಮೇಲೆ ನಾಲ್ಕೈದು ಜನ ಬಾಯಿಗೆ ಟವೆಲು ಒತ್ತಿಕೊಂಡು ನಕ್ಕರು.

ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು. ಹೆರಿಗೆ ನೋವು ತಿನ್ನುತ್ತಿದ್ದ ಒಬ್ಬರ ಸೊಸೆಯನ್ನು ಬಳ್ಳಾರಿಯ ತನಕ ಒಂದು ಕುಲುಕೂ ಇಲ್ಲದೆ ಮುಟ್ಟಿಸಿದ್ದು, ಮಳೆಗಾಲದಲ್ಲಿ ಹಳ್ಳ ದಾಟಿಸಿದ್ದು. ದೊಡ್ಡ ಸಾಹಸ ಒಂದೂ ಇಲ್ಲ. ಹೋಗಬೇಕಾದವರನ್ನು ಹೋಗಬೇಕಾದಲ್ಲಿ ಬಿಟ್ಟು ಬಂದವನು, ಅಷ್ಟೇ.

"ಒಂದ ಮಾತು ಹೇಳ್ತೀನಿ," ಎಂದ ಉಚ್ಚಂಗೆಪ್ಪ. "ಸ್ಟೇರಿಂಗ್ ಮಾತ್ರ ಒಬ್ಬರಿಗೂ ಮುಟ್ಟಗೊಡಲಿಲ್ಲ. ಆ ಕಾರು ಅವನ ಕೈ ಬಿಟ್ಟು ಇನ್ನೊಬ್ಬರ ಕೈಯಾಗ ಒಂದು ಮಾರು ಓಡಿಲ್ಲ."

ತಿಪ್ಪೇಸ್ವಾಮಿ ತಣ್ಣಗಾದ ಚಹಾವನ್ನು ಎತ್ತಿ ಒಂದೇ ಗುಟುಕಿಗೆ ಕುಡಿದ.

*

ಅಕ್ಕನಾಗಮ್ಮ ಒಳಗೆ ಕರೆಸಿದಳು. ಗಂಡನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅತ್ತು ಅತ್ತು ದನಿ ಬಿದ್ದಿತ್ತು.

"ಸಿಕ್ಕಿತೇನು ತಮ್ಮಾ?"

"ಇಲ್ಲಕ್ಕ. ಸೋತೆ."

ಅವಳು ಕಾರನ್ನು ತೆಗೆದುಕೊಂಡು, ಎಡಗಡೆಯ ಮಡ್‌ಗಾರ್ಡಿಗೆ ಉಗುರಿನಿಂದ ಬಡಿದಳು.

"ಕೇಳು. ಇದು ಟಿಣ್ ಅಂತೈತಿ. ನಮ್ಮ ಕಾರು ಇಲ್ಲಿ ಡಬ್ ಅಂತಿತ್ತು."

ತಿಪ್ಪೇಸ್ವಾಮಿ ಭೂತಗನ್ನಡಿಯನ್ನು ಚಾಪೆಯ ಮೇಲಿಟ್ಟ. ಆ ಸಂಗತಿ ಈ ಮೂರು ವಾರದಲ್ಲಿ ನೆನಪಾಗಿರಲಿಲ್ಲ ಎಂದರೆ ಸುಳ್ಳಾದೀತು. ನೆನಪು ಹೊಸ್ತಿಲ ತನಕ ಬಂದಾಗಲೆಲ್ಲ ಅವನು ಬಾಗಿಲು ಹಾಕಿಕೊಂಡಿದ್ದ.

*

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಮದುವೆ ಹಂಗಾಮಿಗೆ ಮೊದಲು ಕಾರಿಗೆ ಹೊಸದಾಗಿ ಬಣ್ಣ ಹೊಡೆಯಲು ಶೆಡ್ಡಿನಲ್ಲಿ ಬಿಟ್ಟು, ಉಜ್ಜಿನಪ್ಪ ನಾಲ್ಕು ದಿನ ಬಾದನಹಟ್ಟಿಗೆ ಹೋಗಿದ್ದ. ಬೀಗದ ಕೈ ತಿಪ್ಪೇಸ್ವಾಮಿಯ ಬಳಿಯೇ ಇತ್ತು. ಊಟ ತಂದ ಹೆಂಡತಿ ನಾಗಲಕ್ಷ್ಮಿ ಕಾರಿನ ಕಿಟಕಿಯಿಂದ ಒಳಗೆ ಇಣುಕಿ, "ಕುಂತ್ರ ಹ್ಯಾಂಗಿರತೈತೋ ಏನೋ," ಎಂದಳು. ದಿನಾ ಹತ್ತು ಕಾರು ರಿಪೇರಿ ಮಾಡುವವನ ಹೆಂಡತಿ ಅವತ್ತಿನ ತನಕ ಒಂದು ಕಾರಿನಲ್ಲೂ ಕೂತಿರಲಿಲ್ಲ.

ತಿಪ್ಪೇಸ್ವಾಮಿಗೆ ಕಾರನ್ನು ಶೆಡ್ಡಿನೊಳಗೆ ಹಿಂದೆ ಮುಂದೆ ಸರಿಸುವಷ್ಟು ಬರುತ್ತಿತ್ತು. ಅಷ್ಟರ ಧೈರ್ಯದ ಮೇಲೆ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೆಂಚನಗುಡ್ಡಕ್ಕೆ ಹೊರಟ. ಅವಳು ಮಲ್ಲಿಗೆ ಮುಡಿದಿದ್ದಳು. ಇಬ್ಬರೂ ಹೊಳೆ ನೋಡಿ, ಶೇಂಗಾ ತಿಂದರು. ತಿರುಗಿ ಬರುವಾಗ ಎದುರಿಗೆ ಭತ್ತದ ಗಾಡಿ ಬಂತು, ಕಾಲುವೆ ಸೇತುವೆಯ ಕಲ್ಲಿಗೆ ಎಡಗಡೆಯ ಮಡ್‌ಗಾರ್ಡು ಬಡಿಯಿತು. ಅಂಗೈಯಗಲದ ತೆಗ್ಗು ಬಿತ್ತು.

ಬಡಿದು ಎಬ್ಬಿಸಿದರೂ ತಗಡು ಪೂರ್ತಿ ಏಳಲಿಲ್ಲ. ಉಳಿದ ತೆಗ್ಗಿಗೆ ಲಪ್ಪಂ ತುಂಬಿ, ಉಜ್ಜಿ ನುಣುಪು ಮಾಡಿ, ಮೇಲೆ ಮೊಸರಿನ ಬಿಳುಪು ಹೊಡೆದ. ಅಷ್ಟು ನಾಜೂಕಿನ ಕೆಲಸವನ್ನು ಅವನು ಮತ್ತೆಂದೂ ಮಾಡಲಿಲ್ಲ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಉಗುರಿನಿಂದ ಬಡಿದರೆ ಮಾತ್ರ ಟಿಣ್ ಬದಲು ಡಬ್ ಎನ್ನುತ್ತಿತ್ತು. ಬಂದ ಉಜ್ಜಿನಪ್ಪ ಕಾರಿನ ಸುತ್ತ ಕೈಯಾಡಿಸಿ, "ಚಲೋ ಆಗೈತಲೇ," ಎಂದು ಹೋದ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರೊಳಗೆ ವರ್ಷಗಳಾದವು. ಆರು ವರ್ಷದ ಹಿಂದೆ ನಾಗಲಕ್ಷ್ಮಿ ತೀರಿಕೊಂಡ ಮೇಲೆ, ಹೇಳಿದರೆ ಅವಳ ಆ ಒಂದು ಸಂಜೆಯೂ ಕಳವಿನ ಮಾಲಾಗುತ್ತದೆ ಅನಿಸಿತು.

*

"ಅವರಿಗೆ ಅವತ್ತ ಗೊತ್ತಾಗಿತ್ತು," ಎಂದಳು ಅಕ್ಕನಾಗಮ್ಮ. "ಮುಂದಿನ ಸೀಟಿನ್ಯಾಗ ಎರಡು ಮಲ್ಲಿಗಿ ಮೊಗ್ಗು ಬಿದ್ದಿದ್ವು. ತಂದು ನನ್ನ ಕೈಯಾಗಿಟ್ಟು, ನಮ್ಮ ನಾಗಲಕ್ಷ್ಮಿ ಕಾರಿನ್ಯಾಗ ಕುಂತಾಳ ನೋಡು ಅಂದ್ರು. ದಿನಾ ಕಾರು ಒರಸೂವಾಗ ಅಲ್ಲೊಮ್ಮೆ ಬಡದು, ಡಬ್ ಅಂದ ಕೂಡಲೇ ತಮ್ಮಷ್ಟಕ್ಕ ನಗತಿದ್ರು."

"ನನ್ನ ಯಾಕ ಕೇಳಲಿಲ್ಲಕ್ಕ? ಬೈಬಹುದಿತ್ತಲ್ಲ!"

"ನಾನೂ ಅಂದೆ. ಕೇಳಿದ್ರ ಹೆಂಡ್ತಿ ಮುಂದ ಅವನ ಮಾರಿ ಸಣ್ಣದಾಕ್ಕತಿ, ಅವನಾಗೇ ಒಂದಿನ ಹೇಳ್ತಾನ ಬಿಡು, ಆವತ್ತು ನಾಕೂ ಮಂದಿ ಕುಂತು ನಗೂಣು ಅಂದ್ರು. ಕಾದ್ರು, ಕಾದ್ರು. ಈ ಕಾರು ಬಂದ ಮ್ಯಾಲರ ಹೇಳ್ತಾನ ಅಂತ ಮಾಡಿದ್ರು."

ತಿಪ್ಪೇಸ್ವಾಮಿ ಗೋಡೆಗೆ ಒರಗಿ ಕೂತವನ ಪಾದ ಹಿಡಿದು, ಗಟ್ಟಿಯಾಗಿ ಅತ್ತುಬಿಟ್ಟ. ಆ ಮನೆಯಲ್ಲಿ ಬೆಳಗಿನಿಂದ ಅಷ್ಟು ಗಟ್ಟಿಯಾಗಿ ಯಾರೂ ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಕಾರನ್ನು ಎತ್ತಿಕೊಂಡು ಶೆಡ್ಡಿಗೆ ನಡೆದ. ಮಡ್‌ಗಾರ್ಡಿನ ಮೇಲೆ ಗುರುತು ನೋಡಿ, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದ. ಜೀವಮಾನವಿಡೀ ತೆಗ್ಗು ಎಬ್ಬಿಸಿದ ಕೈ, ಬೇಕೆಂದು ತೆಗ್ಗು ಹಾಕಿದ್ದು ಇದೇ ಮೊದಲು. ಬಣ್ಣ ಚಕ್ಕೆಯೆದ್ದು ಒಳಗಿನ ತಗಡು ಮಿಂಚಿತು. ಅಭ್ಯಾಸಬಲದಿಂದ ಲಪ್ಪಂ ಡಬ್ಬಿಯ ಮುಚ್ಚಳ ತೆಗೆದ. ಸ್ವಲ್ಪ ಹೊತ್ತು ಅದನ್ನು ನೋಡಿ, ಮತ್ತೆ ಮುಚ್ಚಿ ಗೂಡಿನಲ್ಲಿಟ್ಟ.

*

ನಾಲ್ಕಕ್ಕೆ ಬಾಳೆಕಂಬ, ಚೆಂಡುಹೂ ಕಟ್ಟಿದ ವಿಮಾನದಲ್ಲಿ ಉಜ್ಜಿನಪ್ಪನನ್ನು ಕೂರಿಸಿ ಹೆಗಲ ಮೇಲೆ ಹೊತ್ತರು. ಮೊದಲ ಸಲ ಅವನು ದಾರಿ ನೋಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಸುಮ್ಮನೆ ಕೂತು ಹೊರಟಿದ್ದ. ಭಜನೆಯವರ ಹಿಂದೆ ತಿಪ್ಪೇಸ್ವಾಮಿ ಕಾರನ್ನು ಟವೆಲಿನಲ್ಲಿ ಸುತ್ತಿಕೊಂಡು ನಡೆದ.

ರುದ್ರಭೂಮಿಯಲ್ಲಿ ಕುಣಿಯೊಳಗಿನ ಗೂಡಿನಲ್ಲಿ ಅವನನ್ನು ಕೂರಿಸಿದ್ದಾಯಿತು. ಅಯ್ಯನವರು ವಿಭೂತಿ, ಬಿಲ್ವಪತ್ರೆ ಹಾಕಿ ಕಾರಿಗಾಗಿ ಕೈ ಮಾಡಿದರು. ಕುಣಿಯ ಅಂಚಿನಲ್ಲಿದ್ದ ಉಚ್ಚಂಗೆಪ್ಪ ಕಾರು ಇಸಿದುಕೊಂಡು ಟವೆಲು ಬಿಚ್ಚಿದ.

"ಅಯ್ಯಯ್ಯ, ತೆಗ್ಗು ಬಿದ್ದೈತಲ್ಲೋ! ಮಧ್ಯಾನ ನೋಡಿದಾಗ ಇರಲಿಲ್ಲ. ಯಾರು ಕೆಡವಿದ್ರು?"

ಎಲ್ಲರೂ ತಿರುಗಿ ನೋಡಿದರು. ತಿಪ್ಪೇಸ್ವಾಮಿ ಉಚ್ಚಂಗೆಪ್ಪನನ್ನು ನೋಡಲಿಲ್ಲ. ಕೆಳಗೆ ಕೂತವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ನಾನಣ್ಣಾ. ನೀ ಊರಾಗಿರಲಿಲ್ಲ. ನಾಗಲಕ್ಷ್ಮಿನ್ನ ಮುಂದ ಕುಂದರಿಸಿಕೊಂಡು ಕೆಂಚನಗುಡ್ಡಕ್ಕ ಹೋಗಿದ್ದೆ. ಬರುವಾಗ ಕಾಲುವಿ ಸೇತುವಿಗೆ ಬಡಿಸಿದೆ. ಲಪ್ಪಂ ತುಂಬಿ ಮುಚ್ಚಿಟ್ಟಿದ್ದೆ."

ಭಜನೆಯ ತಾಳ ನಿಂತಿತ್ತು. ಅಕ್ಕನಾಗಮ್ಮ ಮಗಳ ಕೈ ಬಿಡಿಸಿಕೊಂಡು ಮುಂದೆ ಬಂದು, ಉಚ್ಚಂಗೆಪ್ಪನಿಂದ ಕಾರು ಇಸಿದುಕೊಂಡಳು. ತನ್ನ ಸೆರಗಿನ ಗಂಟು ಬಿಚ್ಚಿ ಎರಡು ಹಸಿ ಮಲ್ಲಿಗೆ ಮೊಗ್ಗು ತೆಗೆದಳು. ಎಡಗಡೆಯ ಮುಂದಿನ ಬಾಗಿಲನ್ನು ಉಗುರಿನಿಂದ ತೆರೆದು, ಮೊಗ್ಗುಗಳನ್ನು ಸೀಟಿನ ಮೇಲಿಟ್ಟು, ಬಾಗಿಲು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಒಮ್ಮೆ ಒತ್ತಿ ನೋಡಿ, ಕಾರನ್ನು ಕೆಳಗೆ ಕೊಟ್ಟಳು.