ಗಾಜಿನೊಳಗಿನ ಮದುಮಗಳು

ವೇಣಿ ಮೇಡಂ ಪಾರ್ಲರಿನ ಗಾಜಿಗೆ ನಾನು ಅಂಟಿಸಿದ್ದ ಮದುಮಗಳ ಮುಖವನ್ನು ಎರಡನೇ ಸಲವೂ ಯಾರೋ ಕಿತ್ತಿದ್ದರು. ಮುಖ ಮಾತ್ರ. ಜರಿಸೀರೆ, ಸೊಂಟದ ಡಾಬು, ಮೊಳಕೈವರೆಗಿನ ಮೆಹಂದಿ, ‘ವೇಣಿ ಬ್ರೈಡಲ್ ಪಾಯಿಂಟ್’ ಅನ್ನೋ ಅಕ್ಷರ, ಫೋನ್ ನಂಬರು ಎಲ್ಲ ಹಾಗೇ ಇತ್ತು. ಕತ್ತಿನ ಮೇಲೆ ಬರೀ ಗಾಜು. ಗಾಜಿನ ಹಿಂದೆ, ಒಳಗೆ ಫೇಶಿಯಲ್ ಹಚ್ಚಿಸಿಕೊಂಡು ಒರಗಿದ್ದ ಹೆಂಗಸೊಬ್ಬಳ ಬೆಳ್ಳನೆ ಮುಖ ಸರಿಯಾಗಿ ಆ ಕತ್ತಿನ ಮೇಲೇ ಕೂತಿತ್ತು. ನನಗೆ ನಗು ಬಂತು. ಬರಬಾರದಿತ್ತು.

“ನಗ್ರಿ, ನಗ್ರಿ. ನಿಮಗೇನು, ಇನ್ನೊಂದು ಆರ್ಡರ್ ಸಿಕ್ತು” ಅಂದರು ವೇಣಿ.

“ಅಂದ್ರೆ ನಾನೇ ಕಿತ್ತೆ ಅಂತಾನಾ ಮೇಡಂ?”

“ನಾನೆಲ್ಲಿ ಹಾಗಂದೆ? ದಾಸಪ್ಪನೋರು ಅಂದ್ರು.”

ದಾಸಪ್ಪ ಪಕ್ಕದ ಟೈಲರ್. ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡೋದರಿಂದ ಅವನ ಮಾತೆಲ್ಲ ಹಲ್ಲಿನ ಸಂದಿಯಿಂದ ನುಸುಳಿ ಬರುತ್ತೆ. “ನೋಡವ್ವಾ, ಸುಮ್ಕೆ ಏಳ್ತೀನಿ. ಅಂಟ್ಸೋನ್ಗೆ ಕೀಳೋದು ಗೊತ್ತಿರ್ತದೆ. ಅಂಗೇ ಅಲ್ವಾ ಇವ್ರ ಯಾಪಾರ?” ಅಂತ ಅವನು ಹೇಳಿರಬಹುದಾದ್ದನ್ನು ನಾನು ಅವನ ದನಿಯಲ್ಲೇ ಹೇಳಿ ತೋರಿಸಿದೆ. ಫೇಶಿಯಲ್ ಹೆಂಗಸು ಮುಖ ಬಿರಿಯೋ ಹಾಗೆ ನಕ್ಕಳು. ವೇಣಿ ನಗಲಿಲ್ಲ.

“ಅವ್ರು ಅಂದಿದ್ದು ಅಕ್ಷರ ಅಕ್ಷರ ಗೊತ್ತಲ್ಲ ನಿಮಗೆ” ಅಂದರು. “ಭಾನುವಾರ ಅಂಗಡಿಯೋರ ಮೀಟಿಂಗ್ ಇದೆ ಮುನೀಂದ್ರ ಅವ್ರೇ. ಅಷ್ಟರಲ್ಲಿ ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಿಮ್ಮ ಹೆಸರು ಹೇಳ್ತೀನಿ.”

ಬಾಗಲಗುಂಟೆಯ ಆ ರಸ್ತೆಯಲ್ಲಿ ಇಪ್ಪತ್ತೆರಡು ಅಂಗಡಿಯ ಗಾಜು ನನ್ನವು. ಚಿಕನ್ ಸೆಂಟರಿನ ಕೋಳಿ, ಕ್ಲಿನಿಕ್ಕಿನ ಹಲ್ಲು, ಜಿಮ್ಮಿನ ತೋಳು, ಎಲ್ಲ ನಾನೇ ಅಂಟಿಸಿದ್ದು. ಬಿ.ಎ. ಅಂದರೆ ‘ಬರೀ ಅಂಟ್ಸೋದು’ ಅಂತ ನಾನೇ ಹೇಳಿಕೊಂಡು ನಗ್ತಿದ್ದೆ. ಮೀಟಿಂಗಲ್ಲಿ ಒಂದು ಸಲ ಹೆಸರು ಬಂದರೆ ಮುಗೀತು, ಮಾರನೇ ದಿನದಿಂದ ಒಂದು ರೇಟ್ ಬೋರ್ಡು ಬರೆಸೋಕೂ ನನ್ನನ್ನು ಯಾರೂ ಕರೆಯೋದಿಲ್ಲ.

“ಈ ಸಲ ಗಾಜಿನ ಒಳಗಡೆಯಿಂದ ಅಂಟಿಸ್ತೀನಿ. ಹೊರಗಿನೋರ ಉಗುರು ತಾಗೋದೇ ಇಲ್ಲ. ಕೂಲಿ ಬೇಡ. ಕೀಳೋಕೆ ಬಂದೋರನ್ನ ಕಣ್ಣಾರೆ ತೋರಿಸ್ತೀನಿ” ಅಂದೆ.

ಇದು ತೂತುತೂತಿನ ಹಾಳೆ, ನಮ್ಮಲ್ಲಿ ಒನ್ ವೇ ವಿಷನ್ ಅಂತಾರೆ. ಚಿತ್ರದ ಕಡೆಯಿಂದ ನೋಡಿದರೆ ಚಿತ್ರ, ಕಪ್ಪು ಕಡೆಯಿಂದ ನೋಡಿದರೆ ಸೊಳ್ಳೆಪರದೆ ಹಿಂದೆ ಕೂತ ಹಾಗೆ ರಸ್ತೆಯೆಲ್ಲ ಕಾಣುತ್ತೆ. ಆದರೆ ಕತ್ತಲಲ್ಲಿ ಇರೋರಿಗಷ್ಟೇ ಆ ಸವಲತ್ತು. ಒಳಗೆ ಲೈಟ್ ಹಾಕಿದಿರೋ, ನೋಡೋರೇ ನೋಟವಾಗ್ತಾರೆ. ಮಾಮೂಲಿ ಹಾಳೆಗೆ ಗಮ್ಮು ಕಪ್ಪು ಕಡೆ. ಒಳಗೆ ಅಂಟಿಸೋದಕ್ಕೆ ಚಿತ್ರದ ಮೇಲೇ ತೆಳ್ಳನೆ ಗಮ್ಮಿರೋ ಬೇರೆ ಹಾಳೆ ಬರುತ್ತೆ.

ಶುಕ್ರವಾರ ಮಧ್ಯಾಹ್ನ ಗಾಜು ಒರೆಸಿದೆ. ಪಾರ್ಲರಿನ ಗಾಜಿಗೆ ಒಳಗಡೆ ಹೇರ್ ಸ್ಪ್ರೇ, ಎಣ್ಣೆ ಕೈ, ಪೌಡರು ಎಲ್ಲ ಕೂತಿರುತ್ತೆ. ಬ್ಲೇಡಲ್ಲಿ ಕೆರೆದು, ಸ್ಪಿರಿಟ್ಟಲ್ಲಿ ಒರೆಸಿ, ಒಣಗೋಕೆ ಬಿಟ್ಟೆ. ನೀರು ಹೊಡೆದು ಅಂಟಿಸೋ ಹಾಗಿಲ್ಲ, ತೂತುಗಳಲ್ಲಿ ನಿಂತುಬಿಡುತ್ತೆ. ಮೇಲಿನ ಅಂಚನ್ನು ಟೇಪಲ್ಲಿ ಹಿಡಿದು, ಹಿಂದಿನ ಕಾಗದವನ್ನು ನಾಲ್ಕು ಬೆರಳು ಬಿಚ್ಚಿ, ಬಟ್ಟೆ ಸುತ್ತಿದ ಪಟ್ಟಿಯಲ್ಲಿ ಮಧ್ಯದಿಂದ ಅಂಚಿಗೆ ಒತ್ತುತ್ತಾ ಇಳಿದೆ. ಹಣೆ, ಬೈತಲೆಬೊಟ್ಟು, ಕಣ್ಣು, ಮೂಗುತಿ. ನಾನಿದ್ದ ಕಡೆಗೆ ಅವಳ ಬೆನ್ನು, ಅಂದರೆ ಬರೀ ಕಪ್ಪು. ವೇಣಿ ಹಿಂದೆ ನಿಂತು ಪ್ರತಿ ಹಂತವನ್ನೂ ಮೊಬೈಲಲ್ಲಿ ವಿಡಿಯೋ ಮಾಡ್ತಿದ್ದರು.

“ಯಾತಕ್ಕೆ ಮೇಡಂ?”

“ಸಾಕ್ಷಿಗೆ.”

ಶನಿವಾರ ಬೆಳಿಗ್ಗೆ ಆರಕ್ಕೆ ಇಬ್ಬರೂ ಒಳಗೆ ಕೂತೆವು. ಹಿಂದೆ ಎರಡು ಸಲವೂ ಕಿತ್ತಿದ್ದು ರಾತ್ರಿ ಬೀಗ ಹಾಕಿ ಬೆಳಿಗ್ಗೆ ತೆಗೆಯೋದರೊಳಗೆ. ರಾತ್ರಿ ಕೂರೋದಕ್ಕೆ ವೇಣಿ ಒಪ್ಪಿರಲಿಲ್ಲ. ಬಾಗಿಲಿಗೆ ಶಟರ್ ಇತ್ತು, ಗಲ್ಲಿ ಕಡೆಯ ಈ ದೊಡ್ಡ ಗಾಜಿಗೆ ಇರಲಿಲ್ಲ. ಬಿಲ್ಡಿಂಗ್ ಓನರ್ ಹಾಕಿಸಿದ ಕ್ಯಾಮೆರಾ ತನ್ನ ಕಾರನ್ನು ಬಿಟ್ಟು ಬೇರೇನೂ ನೋಡೋದಿಲ್ಲ. ಲೈಟ್ ಆರಿಸಿದ್ದೆವು. ಶಟರ್ ಅರ್ಧ ಎತ್ತಿದ್ದೆವು. ವೇಣಿ ಕೈಯಲ್ಲಿ ಕೂದಲು ಕತ್ತರಿಸೋ ಕತ್ತರಿ. ಅದರ ಮೊನೆ ಗಾಜಿನ ಕಡೆ ಇರಲಿಲ್ಲ, ನನ್ನ ಕಡೆ ಇತ್ತು.

“ಯಾರೂ ಬರ್ಲಿಲ್ಲ ಅಂದ್ರೆ?” ಅಂದೆ.

“ಅದೇ ಸಾಕ್ಷಿ. ಕೀಳೋರು ಒಳಗೇ ಇದ್ರೆ ಹೊರಗೆ ಯಾರು ಬರ್ತಾರೆ?”

ಈ ತರ್ಕಕ್ಕೆ ನನ್ನ ಬಿ.ಎ. ಸಾಲಲಿಲ್ಲ.

ಹಾಲಿನವನು ಹೋದ. ಒಂದು ನಾಯಿ ಬಂದು ಮದುಮಗಳ ಪಾದದ ಹತ್ತಿರ ಕಾಲೆತ್ತಿ ಹೋಯಿತು. ಆರೂಮುಕ್ಕಾಲಿಗೆ ಒಬ್ಬ ಹೆಂಗಸು ಬಂದಳು. ಸೀರೆ ಮೇಲೆ ಗಂಡಸರ ಫುಲ್ ಶರ್ಟು, ಕಂಕುಳಲ್ಲಿ ಸಿಮೆಂಟು ಮೆತ್ತಿದ ಬಾಣಲಿ, ಕೈಯಲ್ಲಿ ಬುತ್ತಿ. ಗಲ್ಲಿಯ ಎರಡೂ ತುದಿ ನೋಡಿದಳು. ಬಾಣಲಿ ಇಳಿಸಿದಳು. ಸೀದಾ ಗಾಜಿನ ಹತ್ತಿರ ಬಂದು, ನನ್ನ ಮೂಗಿಗೆ ಒಂದು ಗೇಣು ದೂರದಲ್ಲಿ ನಿಂತಳು. ನನಗೆ ಉಸಿರು ಬಿಡೋಕೂ ಭಯ. ಅವಳಿಗೆ ಕಾಣ್ತಿದ್ದದ್ದು ಮದುಮಗಳು, ನನಗೆ ಕಾಣ್ತಿದ್ದದ್ದು ಅವಳು.

ಉಗುರು ಹಾಕಿದಳು. ಕಿರ್ ಅಂತ ಜಾರಿತು. ಗಲ್ಲದ ಹತ್ತಿರ, ಕಿವಿಯ ಹತ್ತಿರ ತಡಕಿದಳು. ಅಂಚು ಸಿಗಲಿಲ್ಲ. ಸೆರಗಿನಿಂದ ಉಜ್ಜಿದಳು. ಆಮೇಲೆ ಚಿತ್ರಕ್ಕೇ ಮೆಲ್ಲಗೆ ಕೇಳಿದಳು:

“ಏನವಾ, ಈಗ ಒಳಗ ಹೋಗಿ ಕುಂತೇನು? ನಾ ಹೆಂಗ ಬಿಡಿಸಲಿ ನಿನ್ನ?”

ಪಕ್ಕದಲ್ಲಿ ವೇಣಿಯ ಕತ್ತರಿ ನೆಲಕ್ಕೆ ಬಿತ್ತು. “ಅಯ್ಯೋ, ಚನ್ನಕ್ಕ!” ಅನ್ನುತ್ತಾ ಎದ್ದು ಕೈಗೆ ಸಿಕ್ಕ ಸ್ವಿಚ್ ಒತ್ತಿದರು. ಕನ್ನಡಿ ಸುತ್ತಲ ಬಲ್ಬೆಲ್ಲ ಝಗ್ ಅಂದವು. ಗಲ್ಲಿಗೆ ಇನ್ನೂ ಬಿಸಿಲು ಇಳಿದಿರಲಿಲ್ಲ. ಮದುಮಗಳ ಮುಖದೊಳಗೆ ನಮ್ಮಿಬ್ಬರ ಮುಖ ಕಂಡು ಚನ್ನಕ್ಕ ಒಂದು ಹೆಜ್ಜೆ ಹಿಂದೆ ಹಾರಿದಳು. ಓಡಲಿಲ್ಲ.

“ಮರ್ಯಾಗ ನಿಂತು ನೋಡಾಕತ್ತಿದ್ರೇನು?” ಅಂದಳು.

ಹೊರಗೆ ಹೋದೆವು. ಚನ್ನಕ್ಕ ಲಿಂಗಸುಗೂರು ಕಡೆಯವಳು, ಎಂಟು ವರ್ಷದಿಂದ ಇಲ್ಲಿ ಗಾರೆ ಕೆಲಸ. ಗಾಜಿನ ಮೇಲಿದ್ದವಳು ಅವಳ ಮಗಳು ಮಹಾದೇವಿ. ಮದುವೆ ಮೇಕಪ್ಪು ಇದೇ ಪಾರ್ಲರಲ್ಲಿ ಆಗಿತ್ತು. ವೇಣಿ ಆವತ್ತು ಮೊಬೈಲಲ್ಲಿ ತೆಗೆದ ಫೋಟೋನ ನನಗೆ ಕಳಿಸಿದ್ದರು. ಯಾರು ಇವಳು ಅಂತ ನಾನು ಕೇಳಿರಲಿಲ್ಲ. ನೆಟ್ಟಲ್ಲಿ ಸಿಕ್ಕ ಯಾವಳೋ ಇರಬೇಕು ಅಂದುಕೊಂಡು, ಫೋಟೋ ದೊಡ್ಡದಾಗುತ್ತೋ ಇಲ್ಲವೋ ಅಂತಷ್ಟೇ ನೋಡಿದ್ದೆ.

“ಅಳಿಯನ ತಮ್ಮ ಇಲ್ಲೇ ಫ್ಯಾಕ್ಟರಿಯಾಗ ಅದಾನ. ಇದರ ಫೋಟೋ ಹೊಡಕೊಂಡು ಊರಿಗೆ ಕಳಿಸ್ಯಾನ. ಬೆಂಗಳೂರಾಗ ನಿನ್ನ ಮಗಳು ಏನ್ ಕೆಲಸ ಮಾಡತಿದ್ಲು, ಬಜಾರದಾಗ ಯಾಕ ನಿಂತಾಳ ಅಂತ ಬೀಗರು ಕೇಳಾಕತ್ಯಾರ. ಆಕೀನ ಮಾತಾಡ್ಸೋದು ಬಿಟ್ಟಾರಂತ.”

“ನನ್ನ ಹತ್ರ ಬಂದು ಹೇಳೋದಲ್ವಾ ಚನ್ನಕ್ಕ?” ವೇಣಿಯ ದನಿ ತಗ್ಗಿತ್ತು.

“ಅವತ್ತು ನೀವು ಕಡಿಮಿ ರೊಕ್ಕಕ್ಕ ಮಾಡಿಕೊಟ್ರಿ. ಅದಕ್ಕ ಬದಲಿ ಇದು ಅಂದ್ಕೊಂಡೆ. ಹೆಂಗ ಕೇಳ್ಲಿ?”

ವೇಣಿ ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ, ಮೇಲಿನ ಮೂಲೆಗೆ ಬ್ಲೇಡು ಕೊಟ್ಟು, ಹೇರ್ ಡ್ರೈಯರಲ್ಲಿ ಬಿಸಿ ಮಾಡುತ್ತಾ ಹಾಳೆ ಬಿಡಿಸೋಕೆ ಶುರು ಮಾಡಿದೆ. ಅವಸರದಲ್ಲಿ ಎಳೆದರೆ ಈ ಹಾಳೆ ಚಿಂದಿಯಾಗಿ ಬರುತ್ತೆ. ಆ ಮುಖ ಇನ್ನೊಂದು ಸಲ ಹರಿಯೋದು ಬೇಡ ಅನ್ನಿಸಿತು. ಹಣೆ ಬಿಡಿಸಿ ಕಣ್ಣಿನವರೆಗೆ ಬಂದಿದ್ದೆ, ಬಾಗಿಲಲ್ಲಿ ದಾಸಪ್ಪ.

“ಸಿಕ್ದಾ! ನಾನ್ ಏಳಿರ್ಲಿಲ್ವೇನವ್ವಾ ವೇಣಿ? ಕೈಯಲ್ಲೇ ಐತೆ ನೋಡು. ತಡಿ, ಅಂಗಡಿಯೋರ ಗ್ರೂಪಿಗೆ ಆಕ್ತೀನಿ” ಅಂತ ಮೊಬೈಲ್ ಎತ್ತಿದ.

“ಅಣ್ಣಾ, ನಿಲ್ಲಿ. ನಾನೇ ತೆಗೀರಿ ಅಂದಿದ್ದು” ಅಂದರು ವೇಣಿ. “ಹಿಂದೆ ಕಿತ್ತಿದ್ದೂ ನಾನೇ. ಫೋಟೋ ಹಿಡಿಸ್ಲಿಲ್ಲ.”

ದಾಸಪ್ಪ ಅವರನ್ನು ನೋಡಿದ, ನನ್ನನ್ನು ನೋಡಿದ, ಅರ್ಧ ಎತ್ತಿದ ಶಟರ್ ನೋಡಿದ. “ನೀನೇ ಅಂಟ್ಸಿ ನೀನೇ ಕಿತ್ತೆ. ಆಯ್ತವ್ವ. ಇಷ್ಟೊತ್ಗೆ ಲೈಟ್ ಆರ್ಸ್ಕೊಂಡು ಇಬ್ರೂ ಒಳ್ಗೆ ಏನ್ ಮಾಡ್ತಿದ್ರಿ? ನಾನ್ ಟೀ ಕುಡಿಯೋಕ್ ಓಗ್ವಾಗ ಕತ್ಲೆ ಇತ್ತಲ್ಲ?”

ಇದು ಕಳ್ಳತನಕ್ಕಿಂತ ದೊಡ್ಡ ಸ್ಟಿಕ್ಕರು. ಮೀಟಿಂಗಿಗೆ ಮುಂಚೆಯೇ ಬೀದಿಯೆಲ್ಲ ಅಂಟಿಕೊಳ್ಳುತ್ತೆ. ನಾನು ಬಾಯಿ ತೆಗೆದೆ, ಹೇಳಿದರೆ ಚನ್ನಕ್ಕನ ಹೆಸರು ಹೇಳಬೇಕು, ಮುಚ್ಚಿದೆ.

ಗೋಡೆಗೆ ಒರಗಿದ್ದ ಚನ್ನಕ್ಕ ಮುಂದೆ ಬಂದಳು. “ನಾ ಕಿತ್ತೀನಿ. ಎರಡು ಸಲಾನೂ. ನನ್ನ ಹಿಡಿಯಾಕ ಕುಂತಿದ್ರು ಇವರು. ಹಾಕ್ಕೋ ಗ್ರೂಪಿಗೆ.”

“ನೀನ್ಯಾಕಮ್ಮ ಕಿತ್ತೆ?”

“ನನ್ನ ಮಗಳ ಮಾರಿ ಅದು. ನೀ ದಿನಾ ತಂಬಾಕ ತಿಕ್ಕಿ ಹೆಚ್ಚಾದ ಸುಣ್ಣ ಆಕಿ ಗಲ್ಲಕ್ಕ ಒರಸ್ತಿದ್ದಿ. ನಾ ಟೆಂಪೋ ಕಾಯ್ಕೊಂತ ಎದುರಿಗೇ ನಿಂತಿರತಿದ್ದೆ.”

ದಾಸಪ್ಪ ಹೆಬ್ಬೆರಳನ್ನು ಪಂಚೆಗೆ ಉಜ್ಜಿಕೊಂಡ. “ಬರೀ ಚಿತ್ರ ಅಂದ್ಕೊಂಡಿದ್ದೆ ಕಣಮ್ಮ” ಅಂದ. ಈ ಸಲ ಬಾಯಲ್ಲಿ ಸೂಜಿ ಇರಲಿಲ್ಲ, ಆದರೂ ಮಾತು ತಡವರಿಸಿತು. ಮೊಬೈಲ್ ಜೇಬಿಗೆ ಇಳಿಸಿ ಅಂಗಡಿ ಕಡೆ ನಡೆದ.

ಹಾಳೆ ಪೂರ್ತಿ ಬಂತು. ಸುತ್ತಿ ಚನ್ನಕ್ಕನ ಕೈಗೆ ಕೊಟ್ಟೆ. ವೇಣಿ ತಮ್ಮ ಮೊಬೈಲಿನ ಫೋಟೋ ಅವಳೆದುರೇ ಅಳಿಸಿದರು. ನಾನೂ ಅಳಿಸಿ ತೋರಿಸಿದೆ.

“ಇನ್ನೆಲ್ಲೂ ಇಲ್ಲ ಹೌದಿಲ್ಲೋ?”

ವಾರವಿಡೀ ಮಾಡದ ತಪ್ಪಿಗೆ ಅನುಮಾನ ಹೊತ್ತಿದ್ದವನು ನಾನು. ಈ ಪ್ರಶ್ನೆಗೆ ‘ಇಲ್ಲ’ ಅನ್ನೋದು ಎಷ್ಟು ಸುಲಭವಾಗಿತ್ತು.

“ಪೀಣ್ಯದಲ್ಲಿ ಪ್ರಿಂಟ್ ಹಾಕಿದ ಕಡೆ ಇದೆ ಅಕ್ಕ. ಅವರು ಇನ್ನೊಂದು ಪಾರ್ಲರಿಗೆ ಕೊಟ್ರೂ ಕೊಡಬಹುದು. ಇವತ್ತೇ ಹೋಗಿ ಅಳಿಸಿಸ್ತೀನಿ.”

“ಅಳಿಸಿದ್ದು ನನಗ ಹೆಂಗ ಗೊತ್ತಾಗಬೇಕು?”

ಮೂಲೆಯಲ್ಲಿ ಟೆಂಪೋ ಹಾರ್ನ್ ಹೊಡೆಯಿತು, ಮೇಸ್ತ್ರಿ ಅವಳ ಹೆಸರು ಕೂಗಿದ. ಅವಳು ಅತ್ತ ನೋಡಿ “ಇವತ್ತ ಬರೂದಿಲ್ಲರೀ” ಅಂತ ಕೈ ಆಡಿಸಿದಳು. ಬಾಣಲಿ ಪಾರ್ಲರಿನ ಬಾಗಿಲಲ್ಲಿಟ್ಟು, ಹಾಳೆಯ ಸುರುಳಿ ತೊಡೆ ಮೇಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತಳು.

ಜಾಲಹಳ್ಳಿ ಕ್ರಾಸ್ ದಾಟುವಷ್ಟರಲ್ಲಿ ಮೂರು ಸಲ ಬೆನ್ನಿಗೆ ಬೆರಳು ಚುಚ್ಚಿ ಕೇಳಿದಳು: “ಖರೇನ ಪೀಣ್ಯಕ್ಕ ಹೊಂಟೀವೇನಪಾ?”