ಹಿಂದೆ ಕೂತ ಡ್ರೈವರ್

ನಮ್ಮ ಯಜಮಾನರು ಷಡಕ್ಷರಿ ಇಪ್ಪತ್ತೆಂಟು ವರ್ಷ ಕೊಳ್ಳೇಗಾಲದಿಂದ ಮಾದೇಶ್ವರನ ಬೆಟ್ಟಕ್ಕೆ ಬಸ್ಸು ಓಡಿಸಿದವರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದು ಅವರಿಂದ ಆಗದ ಕೆಲಸ. ನಮ್ಮೂರು ಹೊನ್ನೂರಿನಿಂದ ಯಳಂದೂರಿಗೆ ಆಟೊದಲ್ಲಿ ಹೋದರೂ ಡ್ರೈವರ್ ಪಕ್ಕಕ್ಕೇ ಒತ್ತರಿಸಿಕೊಂಡು ಕೂತು, "ನಿಧಾನ, ಮುಂದೆ ಎಮ್ಮೆ ಅದೆ" ಎನ್ನುತ್ತಿರುತ್ತಾರೆ.

ಹಾಗಾಗಿ ಮಗಳು ಮಾಲಿನಿ ತನ್ನ ಬೈಕಿನಲ್ಲಿ ಕಚ್ಛದ ಉಪ್ಪಿನ ಮರುಭೂಮಿಗೆ ಹೋಗುತ್ತೇನೆ ಎಂದಾಗ ಅವರು "ನಾನೂ ಬತ್ತೀನಿ" ಎಂದದ್ದು ಕೇಳಿ ನನಗೆ ನಗು ಬಂತು. ಮಾಲಿನಿಗೆ ಬರಲಿಲ್ಲ. ಕೊಳ್ಳೇಗಾಲದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ವರ್ಷದಿಂದ ಈ ರಜೆಗೆ ಕಾದಿದ್ದಳು. ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ಪಕ್ಕ ಬಂದು ಕುಕ್ಕರಿಸಿದಳು.

"ಅಪ್ಪ ಬಂದ್ರೆ ಹ್ಯಾಂಡಲ್ ನನ್ ಕೈಗ್ ಕೊಡಲ್ಲ ಕಣವ್ವ. ಆ ಉಪ್ಪಿನ ಬಯಲು ರಸ್ತೆ ಅದೆಯಲ್ಲ, ಅದ್ನ ಪೂರ್ತಿ ನಾನೇ ಓಡಿಸ್ಬೇಕು. ನಂಗ್ ಬೇಕಾಗಿರದು ಅದೊಂದೇ."

"ಅವರಿಗೇ ಹೇಳು."

"ನೀನ್ ಹೇಳು."

ನಾನು ಹೇಳಲಿಲ್ಲ. ಅಪ್ಪ ಮಗಳ ನಡುವೆಯೇ ಇತ್ಯರ್ಥವಾಗಬೇಕಾದ್ದು ಅದು. ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟು ಇಬ್ಬರನ್ನೂ ಕಳಿಸಿದೆ. ಪಕ್ಕದ ಮನೆ ಮಾದೇವಮ್ಮ ಜಗಲಿಯಿಂದಲೇ, "ಮಗಳ ಜೊತೆಗೆ ಗಂಡನ್ನೂ ಅಟ್ಬುಟ್ಟೆ, ಜಾಣೆ ಕಣೆ" ಎಂದಳು.

"ನಿನ್ ಗಂಡನ್ನೂ ಕಳಿಸ್ಬೇಕಿತ್ತು."

"ಅವ್ನ್ ಹಿಂದಕ್ ಕೂತ್ರೆ ಮುಂದಿನ ಚಕ್ರ ಮೇಲೆದ್ಬುಡ್ತದೆ."

ದಿನಾ ಸಂಜೆ ನಾನು ಹಾಲು ಕರೆದು ಒಳಗೆ ಬರುವ ಹೊತ್ತಿಗೆ ಫೋನು ಬರುತ್ತಿತ್ತು. ಹುಬ್ಬಳ್ಳಿ, ಪುಣೆ, ಆಮೇಲೆ ನನಗೆ ಹೆಸರೇ ನಿಲ್ಲದ ಊರುಗಳು. ಯಜಮಾನರು ಎಷ್ಟು ಓಡಿಸಿದೆ ಎಂದು ಹೇಳುವರು. ಮಾಲಿನಿ ಫೋನು ಕಿತ್ತುಕೊಂಡು, "ನಾನೂ ಓಡಿಸ್ದೆ ಕಣವ್ವ, ಪೆಟ್ರೋಲ್ ಬಂಕಿಂದ ಟೀ ಅಂಗಡಿ ಗಂಟ" ಎನ್ನುವಳು. ಅಷ್ಟು ದೂರಕ್ಕೂ ಅವರು ಹಿಂದೆ ಕೂತು ಬಲಗಾಲು ಒತ್ತುತ್ತಿದ್ದರಂತೆ. ಒತ್ತಲು ಬ್ರೇಕ್ ಇಲ್ಲದೆ ಅವರ ಭಾರವೆಲ್ಲ ಇವಳ ಬೆನ್ನ ಮೇಲೆ ಬಿದ್ದು ಇವಳೇ ಮುಂದಕ್ಕೆ ಹೋಗುತ್ತಿದ್ದಳಂತೆ.

ಏಳನೆಯ ದಿನ ಫೋನು ಬಂದದ್ದು ತಡವಾಗಿ. ಹಸುವಿಗೆ ಹುಲ್ಲು ಹಾಕಿ, ಒಲೆ ಹಚ್ಚಿ, ಅನ್ನಕ್ಕೆ ಇಟ್ಟಾಗಿತ್ತು. ಮಾಲಿನಿಯ ದನಿ ಒರಟಾಗಿತ್ತು, ಗಾಳಿ ಕುಡಿದವಳ ಹಾಗೆ.

"ಕೊಟ್ರು ಕಣವ್ವ."

ಬೆಳಿಗ್ಗೆ ಹೊರಡುವಾಗಲೇ ಅವಳು ಧೈರ್ಯ ಮಾಡಿ, ಇವತ್ತು ನಾನು ಓಡಿಸುತ್ತೇನೆ ಎಂದಳಂತೆ. ಮೊದಲು ನಾನು ರಸ್ತೆ ನೋಡುತ್ತೇನೆ ಎಂದು ಇವರೇ ಹತ್ತಿದರಂತೆ. ಉಪ್ಪಿನ ಬಯಲು ಸಿಕ್ಕಾಗ ಮಧ್ಯಾಹ್ನ ದಾಟಿತ್ತು. ಎರಡೂ ಕಡೆ ಬಿಳಿ ಉಪ್ಪು, ನಡುವೆ ದಾರ ಎಳೆದ ಹಾಗೆ ಟಾರು, ಮನುಷ್ಯರ ಸುಳಿವಿಲ್ಲ. ಹತ್ತು ಕಿಲೋಮೀಟರು ಹೋಗಿ ಇವರು ಗಾಡಿ ನಿಲ್ಲಿಸಿಬಿಟ್ಟರು.

"ಇದೂ ಒಂದ್ ರಸ್ತೆನಾ? ಒಂದ್ ತಿರುವಿಲ್ಲ, ಇಳಿಜಾರಿಲ್ಲ. ಕೈಗೆ ಕೆಲ್ಸನೇ ಇಲ್ಲ. ತಕ, ನೀನೇ ಓಡಿಸು" ಎಂದು ಇಳಿದರಂತೆ.

"ಅವಮಾನ ಮಾಡೇ ಕೊಟ್ರು," ಮಾಲಿನಿ ನಕ್ಕಳು. "ಕೊಟ್ರಲ್ಲ, ಸಾಕು."

ಮೊದಮೊದಲು ಹಿಂದಿನಿಂದ "ಆರನ್ ಹೊಡಿ" ಎನ್ನುತ್ತಿದ್ದರಂತೆ. ಇವಳೂ ಹಾರ್ನ್ ಹೊಡೆದಳು. ದೂರದಲ್ಲಿ ಒಂಟೆ ಮೇಯಿಸುತ್ತಿದ್ದವನೊಬ್ಬ ತನ್ನನ್ನೇ ಮಾತಾಡಿಸಿದರು ಎಂದುಕೊಂಡು ಕೈಬೀಸಿದ. ಆಮೇಲೆ ಹಿಂದಿನಿಂದ ಮಾತೂ ಇಲ್ಲ, ಕಾಲು ಒತ್ತುವುದೂ ಇಲ್ಲ. ಹುಷಾರು ತಪ್ಪಿತೇನೋ ಎಂದು ಹೆದರಿ ಕನ್ನಡಿಯಲ್ಲಿ ನೋಡಿದರೆ, ಅವರು ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಕೂತಿದ್ದರಂತೆ. ಕತ್ತಲಾಗುವ ಮುಂಚೆ ಊರು ಸಿಗುವವರೆಗೂ ಹಾಗೇ.

ಅಷ್ಟರಲ್ಲಿ ಅವರು ಫೋನು ತೆಗೆದುಕೊಂಡರು.

"ರತ್ನಾ, ಗುಲಾಬಿ ಬಣ್ಣದ ಕೊಕ್ಕರೆ ಕಣೆ. ಸಾವಿರ ಇದ್ದೊ. ನೀರಲ್ಲಿ ನಿಂತಿದ್ದೊ, ಒಂದೇ ಸಲಕ್ ಎದ್ದೊ."

ಆಮೇಲೆ ಜಾಲಿ ಪೊದೆಯ ನೆರಳಿಗೆ ತಲೆ ಮಾತ್ರ ಇಟ್ಟು ಮಲಗಿದ್ದ ಕುರಿಗಳು, ಉಪ್ಪು ಸೀಳಿ ಬಿದ್ದ ಗೆರೆಗಳು. ಈ ಮನುಷ್ಯ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಅನ್ನ ಕುದಿಯುತ್ತಿತ್ತು, ಉರಿ ತಗ್ಗಿಸಿ ಕೂತೆ.

ಇದ್ದಕ್ಕಿದ್ದಂತೆ ಕೇಳಿದರು: "ರತ್ನಾ, ನಮ್ ಬೆಟ್ಟದ ದಾರೀಲಿ ತಾಳಬೆಟ್ಟ ದಾಟಿದ್ ಮೇಲೆ ಎಡಗಡೆ ಏನದೆ?"

"ಯಾಕ್ರಿ? ಇಪ್ಪತ್ತೆಂಟು ವರ್ಷ ಓಡಾಡಿದ್ದು ನೀವು."

"ನಾನ್ ನೋಡಿರದು ರಸ್ತೆ ಕಣೆ. ಪಕ್ಕಕ್ ತಿರುಗುದ್ರೆ ಐವತ್ತು ಜನ ಕಮರಿಗ್ ಓಗರು."

ಅವರ ಬಸ್ಸಿನಲ್ಲೇ ಕಿಟಕಿ ಪಕ್ಕ ಕೂತು ನಾನು ಎಷ್ಟು ಸಲ ಬೆಟ್ಟಕ್ಕೆ ಹೋಗಿಲ್ಲ? ಹೇಳಿದೆ. ಮೊದಲು ಬಿದಿರು ಮೆಳೆ. ಅದು ಮುಗಿದ ಮೇಲೆ ಹೆಜ್ಜೇನು ಕಟ್ಟುವ ಬಂಡೆ, ಜೇನು ಹೋದ ಮೇಲೂ ಕಪ್ಪು ಗುರುತು ಹಾಗೇ ಇರುತ್ತದೆ. ಆಮೇಲೆ ನೆಲವೇ ಇಲ್ಲ. ಬೆಟ್ಟದ ಹಿಂದೆ ಬೆಟ್ಟ, ಕೊನೆಯದು ಆಕಾಶದ ಬಣ್ಣ.

"ಆಮೇಲೆ?"

ಅತ್ತಲಿಂದ ಮಾಲಿನಿ ಕೂಗಿದ್ದು ಕೇಳಿಸಿತು: "ಅಪ್ಪ, ನಾಳಿಂದ ವಾಪಸ್ ದಾರಿ ಯಾರ್ ಓಡಿಸದು?"

"ನೀನೇ ಓಡಿಸು. ನಿಮ್ಮವ್ವನ್ ಜೊತೆ ಮಾತಾಡ್ತಾ ಇವ್ನಿ, ಸುಮ್ನಿರು" ಎಂದರು ಅವರು.