ಬಣ್ಣ ಹಾಕದ ಸ್ಲೈಡ್

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು "ಚಾಕು" ಎನ್ನುತ್ತಿದ್ದರು. ಇಲಿಯ ಮೂತ್ರಪಿಂಡವನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಸ್ಲೈಡಿಗೆ ಹತ್ತಿಸುವುದು ಅವಳ ಕೆಲಸ. ನಾಲಿಗೆಯೂ ಅಷ್ಟೇ ಹರಿತ. ಅವಳದೊಂದು ಹಳೇ ಹಟವಿತ್ತು: ಪ್ರತಿ ಸಲವೂ ಒಂದು ಸ್ಲೈಡಿಗೆ ಬಣ್ಣವನ್ನೇ ಹಾಕದೆ ಪಕ್ಕಕ್ಕಿಡುವುದು. "ಅದ್ಯಾಕೆ ದಂಡಕ್ಕೆ?" ಎಂದು ಹೊಸಬರು ನಗುತ್ತಿದ್ದರು. ನಗಲಿ ಬಿಡಿ, ಅವಳಿಗೇನು!

ಈ ಸಲವಂತೂ ಲ್ಯಾಬಿನಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಮೂತ್ರಪಿಂಡದೊಳಗೇ ಅಡಗಿದ್ದು, ಗಾಯವಾದಾಗ ಹೊಸ ಕೋಶಗಳನ್ನು ಹುಟ್ಟಿಸುವ ಪ್ರೊಜೆನಿಟರ್ ಕೋಶಗಳನ್ನು ಬೆಳೆಸಿ, ಮೂತ್ರಪಿಂಡ ಕೆಟ್ಟ ಇಲಿಗಳಿಗೆ ಚುಚ್ಚಿದ್ದರು. ಆ ಕೋಶಗಳಿಗಷ್ಟೇ ಅಂಟುವ ಬಣ್ಣ ಹಾಕಿ ನೋಡಿದರೆ ಎಲ್ಲೆಲ್ಲೂ ಹಸಿರು ಹೊಳಪು! ಮುಂದಿನ ತಿಂಗಳು ಮನುಷ್ಯರ ಮೇಲೆ ಪ್ರಯೋಗ. ಪಟ್ಟಿಯಲ್ಲಿ ಮೊದಲ ಹೆಸರು ಚಾಕುವಿನ ಅಕ್ಕನದು, ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಕೂರುವವಳದು.

ಬೆಳಿಗ್ಗೆ ಬಣ್ಣ ಹಾಕದ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಅದೂ ಹಸಿರು! ಕೆಟ್ಟ ಮೂತ್ರಪಿಂಡವೇ ತನ್ನಷ್ಟಕ್ಕೆ ತಾನು ಹೊಳೆಯುತ್ತಿತ್ತು. ಚುಚ್ಚಿದ ಕೋಶಗಳು ಮಾಡಿದ ದುರಸ್ತಿ ಎಂದು ಇವರೆಲ್ಲ ಕುಣಿದದ್ದು ಬರೀ ಆ ಹೊಳಪಿಗೆ.

ವಿಷಯ ಕೇಳಿದ ಲ್ಯಾಬಿನ ಮುಖ್ಯಸ್ಥರು ಬಾಗಿಲು ಹಾಕಿಕೊಂಡು ಹೇಳಿದರು: "ಒಂದು ಸ್ಲೈಡ್ ತಾನೇ? ಬಿಸಾಕಿಬಿಡಮ್ಮ. ಮಧ್ಯಾಹ್ನ ಪ್ರಯೋಗಕ್ಕೆ ಒಪ್ಪಿಗೆ ಕೊಡೋ ಸಮಿತಿಯವರು ಬರ್ತಾರೆ. ನಿಮ್ಮಕ್ಕನ ಮುಖ ನೋಡಿಯಾದ್ರೂ ಬಾಯಿ ಮುಚ್ಕೊಂಡಿರು."

"ಅವಳ ಮುಖ ನೋಡೇ ಬಾಯಿ ಬಿಡ್ತಿರೋದು ಸಾರ್. ಸುಳ್ಳನ್ನ ಅವಳ ಮೈಗೆ ಚುಚ್ಚೋಕೆ ನಾನು ಬಿಡಲ್ಲ. ಕೆಲಸದಿಂದ ತೆಗೀತೀರಾ? ತೆಗೀರಿ!"

ಭಯವಿತ್ತು. ಆದರೂ ಸಮಿತಿಯವರ ಮುಂದೆ ಆ ಸ್ಲೈಡನ್ನು ತಾನೇ ಇಟ್ಟಳು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಪ್ರಯೋಗ ನಿಂತಿತು.

ಸಂಜೆ ಡಯಾಲಿಸಿಸ್ ಕೋಣೆಯಲ್ಲಿ ಅಕ್ಕನ ಪಕ್ಕ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕ ಕೆಂಡವಾದಳು.

"ನಿನ್ನ ಹಟಕ್ಕೆ ನನ್ನ ಜೀವಾನೇ ಬೇಕಿತ್ತೇನೇ? ಒಂದು ಆಸೆ ಇತ್ತು, ಅದಕ್ಕೂ ಕಲ್ಲು ಹಾಕಿದೆ!"

"ಹೂಂ, ಹಾಕಿದೆ. ಬೈಯಿ. ಬೇಕಾದ್ರೆ ಹೊಡಿ. ಆದ್ರೆ ಆ ಕೋಶಗಳು ನಿಜವಾಗಿ ಕೆಲಸ ಮಾಡ್ತಾವೋ ಇಲ್ವೋ ಅಂತ ಯಾರಿಗೂ ಇನ್ನೂ ಗೊತ್ತಿಲ್ಲ ಕಣೇ. ನಾಳೆ ಸಮಿತಿಯವರ ಎದುರಿಗೇ ಮೂತ್ರಪಿಂಡಾನ ಮೊದಲಿಂದ ಕೊಯ್ತೀನಿ, ಬೇರೆ ಬಣ್ಣ ಹಾಕಿ ನೋಡೋಣ. ಯಾರು ತಡೀತಾರೋ ನೋಡ್ತೀನಿ."

ಅಕ್ಕ ಮುಖ ತಿರುಗಿಸಿದಳು. ಆಮೇಲೆ ಅಳು ನುಂಗಿಕೊಂಡೇ ಗದರಿದಳು.

"ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ? ಮನೆಗೆ ಹೋಗಿ ಮಲಗು. ನಾಳೆ ನಿನ್ನ ಕೈ ನಡುಗಬಾರದು."